ಗುರಿ ತಪ್ಪುವ ಕೈಗಳು

ಕ್ರಿಸ್ಮಸ್ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ, ರಾತ್ರಿ ಊಟದ ನಂತರ ಅವಳ ಮಗ ಟಿ.ವಿ.ಯ ಮುಂದೆ ಕುಳಿತು ಆಡುತ್ತಿದ್ದ ವಿಡಿಯೋ ಆಟವೊಂದನ್ನು ಬಹಳ ಹೊತ್ತು ನೋಡಿದೆ. ಮಂಜು ಕವಿದ ನಿರ್ಜನ ಊರು. ಮೊಳೆಗಳಿರುವ ಮರದ ಹಲಗೆಯನ್ನು ಹಿಡಿದು ಅಲೆಯುವ ಒಬ್ಬ ಸಾಮಾನ್ಯ ಮನುಷ್ಯ. ಅವನು ಬೀಸಿದ ಏಟು ತಪ್ಪಿತು, ಎದುರಿನ ವಿಕಾರ ಜೀವಿಯ ಏಟು ತಪ್ಪಲಿಲ್ಲ. ಸತ್ತ. ಹುಡುಗ ಮತ್ತೆ ಆರಂಭಿಸಿದ, ಮತ್ತೆ ಸತ್ತ. "ಇಷ್ಟೊಂದು ಪೆಟ್ಟು ತಿನ್ನುವುದರಲ್ಲಿ ಏನು ಸುಖವಪ್ಪಾ?" ಎಂದೆ. "ಸುಲಭವಾಗಿ ಗೆದ್ದುಬಿಟ್ಟರೆ ಭಯವೇ ಆಗುವುದಿಲ್ಲ ಮಾಮ" ಎಂದ.

ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕಲು ಮನಸ್ಸಾಗಲಿಲ್ಲ. ರಜೆಯ ಉಳಿದ ದಿನಗಳಲ್ಲಿ ಅವನ ಪಕ್ಕದಲ್ಲಿ ಕುಳಿತು ಇದೇ ಜಾತಿಯ ಹಳೆಯ ಆಟಗಳನ್ನೂ ನೋಡಿದೆ. ಇವುಗಳಿಗೆ 'ಸರ್ವೈವಲ್ ಹಾರರ್' ಎಂದು ಹೆಸರು. ಆ ಹೆಸರನ್ನು ಜನಪ್ರಿಯಗೊಳಿಸಿದ್ದು ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1996ರಲ್ಲಿ ಹೊರತಂದ, ಶಿಂಜಿ ಮಿಕಾಮಿ ನಿರ್ದೇಶನದ 'ರೆಸಿಡೆಂಟ್ ಈವಿಲ್'. ಅದರಲ್ಲಿ ನಡೆದಾಡುವ ಶವವೊಂದನ್ನು ಕೆಡವಲು ಹಲವು ಗುಂಡುಗಳು ಬೇಕು, ಗುಂಡುಗಳೋ ಎಣಿಸಿಟ್ಟಷ್ಟು. ಆಟವನ್ನು ಉಳಿಸಿಕೊಳ್ಳಬೇಕಾದರೂ ಬೆರಳಚ್ಚು ಯಂತ್ರಕ್ಕೆ ಹಾಕುವ ಶಾಯಿಯ ರಿಬ್ಬನ್ ಬೇಕು. ಅದೂ ಮಿತವಾಗಿಯೇ ಸಿಗುತ್ತದೆ. ಕ್ರಿಸ್ ಎಂಬ ನಾಯಕನ ಚೀಲದಲ್ಲಿ ಆರೇ ವಸ್ತುಗಳಿಗೆ ಜಾಗ. ಶತ್ರುವನ್ನು ಕೊಂದರೆ ಅಂಕವಿಲ್ಲ, ಬಹುಮಾನವಿಲ್ಲ. ಹಾರಿಸಿದ ಗುಂಡು ಹೋದದ್ದಷ್ಟೇ ಲೆಕ್ಕ. ಹೀಗಾಗಿ ಆಡುವವನು ಪ್ರತಿ ಬಾಗಿಲಲ್ಲೂ ನಿಂತು, ಹೋರಾಡಲೋ, ನುಸುಳಿಕೊಂಡು ಹೋಗಲೋ ಎಂದು ತೂಗಿ ನೋಡಬೇಕಾಗುತ್ತದೆ. ಇದೇ ಆಟವನ್ನು 2002ರಲ್ಲಿ ಪುನರ್ರಚಿಸಿದಾಗ ಮಿಕಾಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೆಡವಿದ ಶವದ ತಲೆ ಒಡೆಯದಿದ್ದರೆ, ಅಥವಾ ಸೀಮೆಎಣ್ಣೆ ಸುರಿದು ಸುಡದಿದ್ದರೆ, ಅದು ಕೆಲಕಾಲದ ನಂತರ ಕೆಂಪು ತಲೆಯ, ಇನ್ನಷ್ಟು ವೇಗದ ಪಿಶಾಚಿಯಾಗಿ ಎದ್ದು ಬರುತ್ತದೆ. ಸೀಮೆಎಣ್ಣೆಯೂ ಅಲ್ಪ. ಗೆಲುವೇ ಮುಂದಿನ ಆಪತ್ತಿನ ಬೀಜವಾಗುವ ಈ ಏರ್ಪಾಡನ್ನು ನಾನು ಮೆಚ್ಚಿದೆನೆಂದು ಹೇಳಲು ಸಂಕೋಚವಿಲ್ಲ.

ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಸಾಮಾನ್ಯ ಹೊಡೆದಾಟದ ಆಟಗಳು ವೀರರಸವನ್ನು ಉಣಿಸುತ್ತವೆ. ಭರತಮುನಿ ವೀರಕ್ಕೆ ಉತ್ಸಾಹವನ್ನೂ ಭಯಾನಕಕ್ಕೆ ಭಯವನ್ನೂ ಸ್ಥಾಯೀಭಾವವೆಂದು ಹೇಳಿದ. ತೋಳು ಬಲಿಷ್ಠವಾಗಿ ಉತ್ಸಾಹ ಉಕ್ಕಿದ ಕಡೆ ಭಯ ನಿಲ್ಲಲಾರದು. ಆದುದರಿಂದಲೇ ಈ ಆಟಗಳು ನಾಯಕನ ತೋಳನ್ನು ಬೇಕೆಂದೇ ದುರ್ಬಲಗೊಳಿಸುತ್ತವೆ. 1999ರ 'ಸೈಲೆಂಟ್ ಹಿಲ್' ಆಟದ ಹ್ಯಾರಿ ಮೇಸನ್ ಸೈನಿಕನಲ್ಲ; ಕಳೆದುಹೋದ ಮಗಳನ್ನು ಹುಡುಕುವ ಒಬ್ಬ ಲೇಖಕ. ಅವನ ಗುರಿ ತಪ್ಪುತ್ತದೆ, ಓಡಿದರೆ ಏದುಸಿರು ಬರುತ್ತದೆ. ಆ ಏದುಸಿರಿನಲ್ಲಿ ಒಬ್ಬ ತಂದೆಯ ಸಂಕಟ ಕೇಳಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಹುಡುಗ ಆ ರಾತ್ರಿ ಆಡುತ್ತಿದ್ದ 'ಸೈಲೆಂಟ್ ಹಿಲ್ 2'. ಮೂಲ 2001ರದು, ಪೋಲೆಂಡಿನ ಬ್ಲೂಬರ್ ಟೀಮ್ 2024ರಲ್ಲಿ ಅದನ್ನು ಪುನರ್ರಚಿಸಿತು. (ಇದು ವಯಸ್ಕರಿಗಾಗಿ ಮಾಡಿದ ಆಟ, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಗಮನಿಸಬೇಕು.) ಸತ್ತ ಹೆಂಡತಿಯಿಂದ ಪತ್ರ ಬಂದಿತೆಂದು ಜೇಮ್ಸ್ ಎಂಬಾತ ಆ ಊರಿಗೆ ಬರುತ್ತಾನೆ. ತ್ರಿಕೋನಾಕಾರದ ಲೋಹದ ತಲೆಯ ದೈತ್ಯನೊಬ್ಬ ಅವನನ್ನು ಹಿಂಬಾಲಿಸುತ್ತಾನೆ. ಮೊದಲ ಕಾಳಗದಲ್ಲಿ ಎಷ್ಟು ಗುಂಡು ಹಾರಿಸಿದರೂ ಅವನನ್ನು ಕೊಲ್ಲಲಾಗದು; ಸೈರನ್ ಮೊಳಗಿದಾಗ ಅವನೇ ಮೆಟ್ಟಿಲಿಳಿದು ನೀರಿನೊಳಗೆ ಹೊರಟುಹೋಗುತ್ತಾನೆ. ಕಾಯಿಲೆಯ ಹೆಂಡತಿಯನ್ನು ಕೊಂದದ್ದು ತನ್ನ ಕೈಯೇ ಎಂಬ ಸತ್ಯ ಕೊನೆಗೆ ಜೇಮ್ಸನ ಎದುರು ನಿಲ್ಲುತ್ತದೆ. ತನ್ನನ್ನು ದಂಡಿಸುವವನೊಬ್ಬ ಬೇಕೆಂದು ತಾನೇ ಬಯಸಿದ್ದೆನೆಂದು ಅವನು ಒಪ್ಪಿಕೊಳ್ಳುತ್ತಾನೆ. ಆಗ ಅಂಥ ದೈತ್ಯರು ಇಬ್ಬರಾಗಿ ಬಂದು, ಕೆಲಹೊತ್ತು ಕಾದಾಡಿ, ತಮ್ಮ ಈಟಿಗಳಿಂದ ತಾವೇ ಇರಿದುಕೊಂಡು ಸಾಯುತ್ತಾರೆ. ಆಡುವವನು ಅಷ್ಟು ಹೊತ್ತು ತಿಂದ ಪೆಟ್ಟುಗಳೆಲ್ಲ ಆ ಕ್ಷಣದಲ್ಲಿ ಬೇರೆ ಅರ್ಥ ಪಡೆಯುತ್ತವೆ. ಕ್ಷಮೆಯನ್ನು ಕೈಚಾಚಿ ಸ್ವೀಕರಿಸುವ ಬದಲು ಶಿಕ್ಷೆಯನ್ನೇ ಬೇಡುವ ಮನಸ್ಸು, ಪಾಪನಿವೇದನೆಯನ್ನು ಆಲಿಸುವ ಯಾವ ಗುರುವಿಗೂ ಅಪರಿಚಿತವಲ್ಲ.

ಆದರೆ ಎಲ್ಲವನ್ನೂ ಹೊಗಳಲಾರೆ. ಮೂಲ ಆಟದಲ್ಲಿ ಸಾಧಾರಣ ಮಟ್ಟದ ಕಾಳಗವನ್ನು ಆರಿಸಿಕೊಂಡರೆ ಗುಂಡುಗಳು ಬೇಕಾದಷ್ಟು ಸಿಗುತ್ತವೆ. ಕೆಲವೇ ಗಂಟೆಗಳಲ್ಲಿ ಭಯ ತೆಳುವಾಗಿ ಬೇಸರವಷ್ಟೇ ಉಳಿಯುತ್ತದೆ. ಹೊಸ ಆವೃತ್ತಿಯಲ್ಲಿ ಕ್ಯಾಮೆರಾ ನಾಯಕನ ಹೆಗಲ ಹಿಂದೆಯೇ ಇದ್ದು, ಏಟಿನಿಂದ ತಪ್ಪಿಸಿಕೊಳ್ಳುವ ಚಲನೆಯೂ ಸೇರಿದೆ. ಏಟುಗಳ ಭಾರ ಹೆಚ್ಚಿದೆ, ನಿಜ. ಆದರೆ ಕಾಳಗಗಳೂ ಹೆಚ್ಚಿವೆ. ನಮ್ಮ ಹುಡುಗ ಮೂರನೆಯ ರಾತ್ರಿಯ ವೇಳೆಗೆ ಲಯ ಹಿಡಿದು ಚಾಕಚಕ್ಯತೆಯಿಂದ ಜಿಗಿಯುತ್ತಿದ್ದ. ಜೇಮ್ಸ್ ಎಂಬ ನೊಂದ ಗಂಡ ಮರೆಯಾಗಿ ಅಲ್ಲೊಬ್ಬ ಪಳಗಿದ ಜಗಜಟ್ಟಿ ಕಾಣಿಸಿದ. ಕಷ್ಟವನ್ನು ಕೇವಲ ಕೌಶಲದ ಪರೀಕ್ಷೆಯನ್ನಾಗಿ ಮಾಡಿದಾಗ ಆಗುವ ನಷ್ಟವಿದು.

ಈ ಆಟದ ಮುಕ್ತಾಯ ಒಂದೇ ಅಲ್ಲ. ಆಡುವವನು ಗಾಯಗೊಂಡಾಗ ಬೇಗನೆ ಔಷಧಿ ತೆಗೆದುಕೊಂಡನೇ, ಹೆಂಡತಿಯ ಭಾವಚಿತ್ರವನ್ನು ನೋಡಿದನೇ, ಏಂಜೆಲಾ ಎಂಬ ನೊಂದ ಹೆಣ್ಣುಮಗಳ ಚಾಕುವನ್ನು ಪದೇಪದೇ ದಿಟ್ಟಿಸಿದನೇ ಎಂಬುದನ್ನೆಲ್ಲ ಆಟ ಸದ್ದಿಲ್ಲದೆ ಗಮನಿಸುತ್ತದೆ. ನಮ್ಮ ಹುಡುಗನಿಗೆ ದೊರೆತದ್ದು ಜೇಮ್ಸ್ ಕಾರಿನೊಂದಿಗೆ ಸರೋವರಕ್ಕೆ ಇಳಿದುಹೋಗುವ ಮುಕ್ತಾಯ. ಅವನು ಬೆಚ್ಚಿಬಿದ್ದ. ಚಾಕುವನ್ನು ಕುತೂಹಲದಿಂದ ಮತ್ತೆಮತ್ತೆ ನೋಡಿದ್ದನಂತೆ. ಜೊತೆಗೆ ಗಾಯಗೊಂಡೇ ಬಹಳ ದೂರ ನಡೆದಿದ್ದ.

"ಮುಂದೆ ಬೇಕಾಗಬಹುದೆಂದು ಔಷಧಿ ಕೂಡಿಡುತ್ತಿದ್ದೆ ಮಾಮ, ಅಷ್ಟೆ. ಇವನು ಬದುಕಲು ಬಯಸುವುದಿಲ್ಲ ಅಂತ ಆಟ ತಿಳಿದುಕೊಂಡಿತು."

ಚೀಲ ತೆರೆದು ತೋರಿಸಿದ. ಬಳಸದ ಔಷಧಿಗಳು ಇನ್ನೂ ಬಹಳಷ್ಟಿದ್ದವು. ಗಂಟೆ ಹನ್ನೊಂದಾಗಿತ್ತು; ಅಕ್ಕ ಒಳಗಿನಿಂದ ಗದರಿದಳು. ಅವನು ಆಟವನ್ನು ಮೊದಲಿನಿಂದ ಶುರುಮಾಡಿದ.