ಅಚ್ಚು ಕೊರೆದವರ ಹೆಸರೇನು?

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಕ್ರಿ.ಪೂ. 5ನೇ ಶತಮಾನದ ಕೊನೆಯ ಹೊತ್ತಿಗೆ ಟಂಕಿಸಿದ ಬೆಳ್ಳಿ ನಾಣ್ಯವೊಂದಿದೆ. ತೂಕ ಸುಮಾರು 17 ಗ್ರಾಂ. ಅದರಲ್ಲಿ ಅರೆಥೂಸ ಎಂಬ ಜಲದೇವತೆ ನೇರ ನಮ್ಮನ್ನೇ ನೋಡುತ್ತಾಳೆ. ಹರಡಿದ ಕೂದಲಿನ ನಡುವೆ ಡಾಲ್ಫಿನ್‌ಗಳು ಈಜುತ್ತಿವೆ. ಹಣೆಪಟ್ಟಿಯ ಮೇಲೆ ಅಚ್ಚು ಕೊರೆದವನ ಹೆಸರು: ಕಿಮೋನ್.

ನಮ್ಮಲ್ಲೂ ಹೊಯ್ಸಳ ಗುಡಿಗಳ ಮೇಲೆ ಶಿಲ್ಪಿಗಳಾದ ದಾಸೋಜ, ಮಲ್ಲಿತಮ್ಮರ ಹೆಸರುಗಳು ಉಳಿದಿವೆ. ಹೈದರ್, ಟಿಪ್ಪು ಕಾಲದ ನಮ್ಮ ನಾಣ್ಯಗಳಲ್ಲಿ ಮಾತ್ರ ಕೊರೆದವರ ಗುರುತೇ ಇಲ್ಲ.

1763ರಲ್ಲಿ ಇಕ್ಕೇರಿ ನಾಯಕರ ಬಿದನೂರು ಹೈದರನ ಕೈವಶವಾಯಿತು. ಅಲ್ಲಿ ಬಹಾದ್ದೂರಿ ವರಹ ಎಂಬ ಚಿನ್ನದ ನಾಣ್ಯ ಹೊರಟಿತು. ಒಂದು ಮುಖದಲ್ಲಿ ಇಕ್ಕೇರಿಯವರ ನಾಣ್ಯದ ಶಿವಪಾರ್ವತಿಯರೇ ಮುಂದುವರಿದರು. ಕಿರುಬೆರಳ ಉಗುರಿನಷ್ಟು ಚಿನ್ನದಲ್ಲಿ ಇಬ್ಬರನ್ನು ಕೂರಿಸುವುದು ಕಷ್ಟದ ಕೆಲಸ ನಿಜ, ಆದರೆ ನಕಲಿನ ನಕಲಾಗುತ್ತಾ ದೇವಿಯ ಮುಖ ಬರೀ ಚುಕ್ಕೆಯಾಗಿದೆ. ಹಿಂಬದಿಯೇ ಮೇಲು. ಚುಕ್ಕೆಗಳು ತುಂಬಿದ ಹಿನ್ನೆಲೆಯಲ್ಲಿ ಹೈದರನ ಹೆಸರಿನ ಮೊದಲಕ್ಷರ ಒಂದೇ ಒಂದು. ಅಷ್ಟು ಧೈರ್ಯದ ವಿನ್ಯಾಸ ಆ ಕಾಲದ ನಾಣ್ಯಗಳಲ್ಲಿ ಅಪರೂಪ.

ಟಿಪ್ಪುವಿನ ಬೆಳ್ಳಿ ರೂಪಾಯಿಯ ಹೆಸರು ಇಮಾಮಿ, ಎರಡು ರೂಪಾಯಿಯದು ಹೈದರಿ. ಎರಡರಲ್ಲೂ ಚಿತ್ರವಿಲ್ಲ, ಅಕ್ಷರವೇ ಅಲಂಕಾರ. ಶಿಸ್ತಿದೆ, ಅಂದವಿದೆ. ಆದರೂ ಕಲಾವಿದ ಕಣ್ಣಿಗೆ ಬೀಳುವುದು ಅಗ್ಗದ ತಾಮ್ರದಲ್ಲಿ, ಆನೆ ಕಾಸುಗಳಲ್ಲಿ. ಅಚ್ಚಿನಲ್ಲಿ ಎಲ್ಲವನ್ನೂ ಎಡಬಲ ತಿರುಗಿಸಿ, ಒಳಕ್ಕೆ ಕೊರೆಯಬೇಕು. ಸುತ್ತಿಗೆ ಏಟಿಗೆ ಅಚ್ಚು ಸವೆಯುತ್ತದೆ, ಬಿರಿಯುತ್ತದೆ. ಮತ್ತೆ ಹೊಸದು ಬೇಕು. ಹೀಗಾಗಿ ಒಂದು ಅಚ್ಚಿನ ಆನೆ ಇನ್ನೊಂದರಂತಿಲ್ಲ. ಕೆಲವು ಎಡಕ್ಕೆ ನಡೆಯುತ್ತವೆ, ಕೆಲವು ಬಲಕ್ಕೆ. ಕೆಲವು ಬಾವುಟ ಹೊತ್ತಿವೆ. ಒಳ್ಳೆಯ ಅಚ್ಚಿನಲ್ಲಿ ಕಾಲೆತ್ತಿದ ಆನೆಯ ಭುಜದ ಭಾರ ಕಾಣುತ್ತದೆ. ಕಳಪೆಯದರಲ್ಲಿ ನಾಲ್ಕು ಕಂಬದ ಮೇಲೊಂದು ಮೂಟೆ.

ನಮ್ಮ ನಾಣ್ಯಪಟ್ಟಿಗಳು ದೊರೆ, ಟಂಕಸಾಲೆ, ಇಸವಿ, ತೂಕ ಬರೆದು ಮುಗಿಸುತ್ತವೆ. ಕೊರೆತದ ಗುಣ ಅಳೆಯುವುದೇ ಇಲ್ಲ. ಇದು ದೊಡ್ಡ ಕೊರತೆ. ಗ್ರೀಕ್ ನಾಣ್ಯಗಳಲ್ಲಿ ಸಹಿ ಇಲ್ಲದವನ್ನೂ ವಿದ್ವಾಂಸರು ಗೆರೆಯ ಬಳುಕು ನೋಡಿ ಇಂಥವನ ಕೈ ಎಂದು ವಿಂಗಡಿಸಿದ್ದಾರೆ. ನಮ್ಮ ಆನೆಗಳಿಗೂ ಆ ಮರ್ಯಾದೆ ಸಲ್ಲಬೇಕು.

ಶಿರಾ, ಮಧುಗಿರಿ ಕಡೆಯ ಹಳೆಯ ಮನೆಗಳಲ್ಲಿ ಇಂಥ ಕಾಸು ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಕರಗಿಸಲು ಕೊಡಬೇಡಿ. ಎರಡೂ ಮುಖದ ಫೋಟೊ ತೆಗೆದಿಟ್ಟು, ನಾಣ್ಯ ಬಲ್ಲವರಿಗೆ ತೋರಿಸಿ.