ಐದು ಸಾವಿರದೊಳಗಿನ ಕಳವು

ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗಿನಿಂದ ಅದರ ‘ಸಮುದಾಯ ಸೇವೆ’ ಎಂಬ ಶಿಕ್ಷೆಯನ್ನು ಹೊಗಳದವರಿಲ್ಲ. ಹೊಗಳಿಕೆ ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಕುಡಿದು ಬೀದಿಯಲ್ಲಿ ಗಲಾಟೆ ಮಾಡಿದವನ ವಿಚಾರ ಬಿಡಿ. ಹಳೆಯ ಹತ್ತು ರೂಪಾಯಿ ದಂಡ ಸಾವಿರದವರೆಗೆ ಏರಿದೆ, ಜೊತೆಗೆ ಸೇವೆಯೂ ಸೇರಿದೆ, ಅಷ್ಟೇ. ಒರೆಗೆ ಹಚ್ಚಬೇಕಾದದ್ದು ಕಳವಿನ ಕಲಂ 303(2)ರ ಪರಂತುಕವನ್ನು.

ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇರಬೇಕು, ಆರೋಪಿಗೆ ಇದು ಮೊದಲ ಶಿಕ್ಷೆ ಆಗಿರಬೇಕು, ಮಾಲನ್ನೋ ಬೆಲೆಯನ್ನೋ ವಾಪಸ್ ಕೊಟ್ಟಿರಬೇಕು. ಮೂರೂ ಕೂಡಿದರೆ ಸಮುದಾಯ ಸೇವೆಯೇ ಶಿಕ್ಷೆ, ಜೈಲಿಲ್ಲ. ಇದು ಒಳ್ಳೆಯದೇ. ಒಂದು ತಪ್ಪಿದರೂ ಮೂರು ವರ್ಷದವರೆಗೆ, ಕಳವಿಗೆ ಇದು ಎರಡನೆಯ ಶಿಕ್ಷೆಯಾಗಿದ್ದರೆ ಐದು ವರ್ಷದವರೆಗೆ, ಜೈಲು ಆಗಬಹುದು.

ಇದನ್ನು ಬೆಳಗಾವಿಯ ಉದ್ಯಮಬಾಗಕ್ಕೆ ತಂದು ನೋಡಿ. ಖಾನಾಪುರ ರಸ್ತೆಯ ಈ ಫೌಂಡ್ರಿ, ಮಷಿನ್ ಶಾಪುಗಳ ನಡುವೆ ಕೈಗೆ ಸಿಗುವುದು ಸ್ಕ್ರ್ಯಾಪ್. ಹತ್ತು ಕಿಲೋ ಬೀಡು ಒಯ್ದವನು ಐದು ಸಾವಿರದ ಹತ್ತಿರಕ್ಕೂ ಹೋಗುವುದಿಲ್ಲ. ಅಷ್ಟೇ ತೂಕದ ತಾಮ್ರದ ತಂತಿ ಒಯ್ದವನು ಗೆರೆ ದಾಟುತ್ತಾನೆ. ಇಬ್ಬರ ಬಡತನವೂ ಒಂದೇ ಇರಬಹುದು. ಬೆಲೆ ಎಂದರೆ ಕಾರ್ಖಾನೆಯ ಬಿಲ್ಲಿನದೋ, ಗುಜರಿಯವನು ಕೊಟ್ಟದ್ದೋ? ಪರಂತುಕ ಹೇಳುವುದಿಲ್ಲ. ಸಿಕ್ಕ ದುಡ್ಡನ್ನು ಮನೆಯ ದಿನಸಿಗೆ ಹಾಕಿ ಮುಗಿಸಿದವನು ಎಲ್ಲಿಂದ ವಾಪಸ್ ಕೊಡಬೇಕು? ದಯೆ ಯಾರಿಗೆ ಬೇಕಿತ್ತೋ ಅವನನ್ನೇ ಈ ಷರತ್ತು ಹೊರಗಿಡುತ್ತದೆ. ಒಳಗೆ ಬಂದವನ ಪಾಡೂ ಹಗುರವಲ್ಲ. ಸೇವೆ ಎಂದರೆ ಸಮಾಜಕ್ಕೆ ಉಪಯೋಗವಾಗುವ, ಸಂಭಾವನೆ ಇಲ್ಲದ ಕೆಲಸ ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 23 ಹೇಳುತ್ತದೆ. ಎಷ್ಟು ಗಂಟೆ, ಎಷ್ಟು ದಿನ, ಯಾರ ಉಸ್ತುವಾರಿ? ಆ ಕಲಂನಲ್ಲಿ ಉತ್ತರವಿಲ್ಲ. ದಿನಗೂಲಿಯವನಿಗೆ ತಪ್ಪಿದ ಒಂದೊಂದು ಹಾಜರಿಯೂ ದಂಡವೇ.

ಕಳೆದುಕೊಂಡವನಿಗೂ ನ್ಯಾಯ ಸಿಕ್ಕಿಲ್ಲ. ಇಷ್ಟು ಸಣ್ಣ ಕಳವು ಈಗ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೇ ಇಳಿಯುವಂತಿಲ್ಲ. ನಾಲ್ಕು ಸಾವಿರದ ಡ್ರಿಲ್ ಕಳೆದುಕೊಂಡ ಸಣ್ಣ ವರ್ಕ್‌ಶಾಪಿನವನು ಕೆಲಸ ಬಿಟ್ಟು ಕೋರ್ಟಿಗೆ ಅಲೆಯಬೇಕು.

ಕಸ ಗುಡಿಸಿದರೆ ಕಳ್ಳರು ಹೆದರುತ್ತಾರೆಯೇ ಎಂದು ಕೇಳುವವರ ಜೊತೆ ನನ್ನ ಜಗಳವಿಲ್ಲ. ಅವರಿಗೆ ಜೈಲೊಂದೇ ಗೊತ್ತು. ಜಗಳವಿರುವುದು ಇದನ್ನು ಹೊಸ ಯುಗ ಎಂದು ಹೊಗಳುವವರ ಜೊತೆ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯನ್ನು ಇವರು ಮರೆತೇಬಿಟ್ಟಿದ್ದಾರೆ. ಮೊದಲ ಬಾರಿ ಕದ್ದವನಿಗೆ ಬುದ್ಧಿ ಹೇಳಿ ಬಿಡುವ, ಇಲ್ಲವೇ ಮುಚ್ಚಳಿಕೆ ಬರೆಸಿ ಪರಿವೀಕ್ಷಣಾಧಿಕಾರಿಯ ಕಣ್ಗಾವಲಿನಲ್ಲಿಡುವ ಅಧಿಕಾರ ಅದರಲ್ಲಿದೆ. ಐದು ಸಾವಿರದ ಗೆರೆ ಅಲ್ಲಿಲ್ಲ; ಪರಿಹಾರ ಕೊಡಿಸಲು ಅವಕಾಶವಿದೆ, ಆದರೆ ಅದು ಬಿಡುಗಡೆಯ ಪೂರ್ವಷರತ್ತಲ್ಲ. ಪರಂತುಕಕ್ಕಿಂತ ಅದು ಮೇಲಾದ ಕಾನೂನು. ಬೆಳಗಾವಿಯ ವಕೀಲರು ಸಣ್ಣ ಕಳವಿನ ಪ್ರಕರಣಗಳಲ್ಲಿ ಅದನ್ನೇ ಮೊದಲು ನ್ಯಾಯಾಲಯದ ಮುಂದಿಡಲಿ.