ದ್ವಿತಳಿ ಎಂಬ ತಪ್ಪು ಲೆಕ್ಕ

ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕೆ ಎನ್ನುವವರ ಪಕ್ಷ ನನ್ನದು. ಆದರೂ ರೇಷ್ಮೆಯ ಮಟ್ಟಿಗೆ ಅವರೊಡನೆ ಜಗಳವಿದೆ. ಮರಳವಾಡಿ ಕಡೆಯ ಹುಳದ ಮನೆಗಳಲ್ಲಿ ‘ಬೈವೋಲ್ಟಿನ್’ ಎನ್ನುತ್ತಾರೆ. ಕರಪತ್ರ, ಭಾಷಣಗಳಲ್ಲಿ ಅದು ‘ದ್ವಿತಳಿ’. ಮೊದಲನೆಯದು ರೈತನ ಬಾಯಲ್ಲಿ ಸವೆದ ಇಂಗ್ಲಿಷು, ಎರಡನೆಯದು ಅಚ್ಚಗನ್ನಡ ಎಂಬ ನಂಬಿಕೆ ಬಲವಾಗಿದೆ. (‘ದ್ವಿ’ ಎಂದಿನಿಂದ ಅಚ್ಚಗನ್ನಡವಾಯಿತೋ!)

ಬೈವೋಲ್ಟಿನ್‌ನಲ್ಲಿರುವ ‘ವೋಲ್ಟ್’ಗೂ ಕರೆಂಟಿಗೂ ಸಂಬಂಧವಿಲ್ಲ. ಇಟಾಲಿಯನ್ನಿನ ‘ವೋಲ್ತಾ’ ಎಂದರೆ ಸಲ, ಸರದಿ. ಫ್ರೆಂಚಿನ ಮೂಲಕ ಅದು ಇಂಗ್ಲಿಷಿಗೆ ಬಂತು. ವರ್ಷಕ್ಕೆ ಎರಡು ಪೀಳಿಗೆ ಕಂಡು, ಎರಡನೆಯದರ ಮೊಟ್ಟೆ ಚಳಿಗಾಲವಿಡೀ ಒಡೆಯದೆ ಮಲಗುವ ಹುಳಕ್ಕೆ ಆ ಹೆಸರು. ಪದ ಎಣಿಸುವುದು ಪೀಳಿಗೆಯನ್ನು, ತಳಿಯನ್ನಲ್ಲ.

ತಳಿಯ ಲೆಕ್ಕವನ್ನೇ ನೋಡೋಣ. ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್2 ಎಂಬ ಬೈವೋಲ್ಟಿನ್ ತಳಿಯ ಗಂಡು ಕೂಡಿಸಿದರೆ ಹಳದಿ ಗೂಡಿನ ಸಿಬಿ (ಕ್ರಾಸ್ ಬ್ರೀಡ್). ಅಲ್ಲಿರುವುದು ಸರಿಯಾಗಿ ಎರಡು ತಳಿ, ಆದರೆ ಅದರ ಹೆಸರು ‘ಮಿಶ್ರತಳಿ’. ಬಿಳಿ ಗೂಡು ಕಟ್ಟುವ ಎಫ್‌ಸಿ1, ಎಫ್‌ಸಿ2 ಕೂಡಿಸಿದ ಡಬಲ್ ಹೈಬ್ರಿಡ್‌ನಲ್ಲಿ ನಾಲ್ಕು ತಳಿಗಳು ಬೆರೆತಿವೆ. ಅದು ಮಾತ್ರ ‘ದ್ವಿತಳಿ’! ಹೊಸದಾಗಿ ಹಿಪ್ಪುನೇರಳೆ ನೆಟ್ಟ ಹುಡುಗನೊಬ್ಬ ಈ ಹೆಸರುಗಳನ್ನು ನಂಬಿದರೆ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತಾನೆ.

ನಮ್ಮಲ್ಲಿ ಬೈವೋಲ್ಟಿನ್ನೂ ಸುಳ್ಳೇ ಅಲ್ಲವೇ, ರೈತ ವರ್ಷಪೂರ್ತಿ ಬೆಳೆಯ ಮೇಲೆ ಬೆಳೆ ತೆಗೆಯುತ್ತಾನಲ್ಲ ಎಂದು ಕೇಳಬಹುದು. ಆಕ್ಷೇಪಣೆ ಗಟ್ಟಿಯಾದದ್ದು. ಆದರೆ ಆ ಬೆಳೆಗಳ ಹಿಂದೆ ಮೊಟ್ಟೆ ಕೇಂದ್ರದ ಕೆಲಸವಿದೆ: ಮೊಟ್ಟೆಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿಯೋ ಶೀತಲಗೃಹದಲ್ಲಿಟ್ಟೋ ಅದರ ನಿದ್ದೆ ಕೆಡಿಸಬೇಕು. ಸಿಬಿ ಮೊಟ್ಟೆಗೆ ಈ ಉಪಚಾರ ಬೇಡ. ಮಲಗುವ ಗುಣ ತಾಯಿಯಿಂದ ಬರುತ್ತದೆ, ಅದರ ತಾಯಿ ವರ್ಷವಿಡೀ ಮರಿಯಾಗುವ ಮೈಸೂರು ತಳಿ. ಎರಡು ಹುಳಗಳ ನಡುವಿನ ಈ ಮೂಲ ವ್ಯತ್ಯಾಸವನ್ನು ‘ವೋಲ್ಟಿನ್’ ಹಿಡಿದಿಟ್ಟಿದೆ, ‘ತಳಿ’ ಒರೆಸಿಹಾಕಿದೆ.

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರುಗಳು ಗೂಡನ್ನು ಕಿವಿಯ ಬಳಿ ಅಲುಗಿಸಿ, ಒಳಗಿನ ಕೋಶದ ಸದ್ದು ಕೇಳಿ ಬೆಲೆ ಕಟ್ಟುತ್ತಾರೆ. ಪದ ಕಟ್ಟುವವರಿಗೂ ಅಷ್ಟು ಎಚ್ಚರ ಇರಬೇಕಿತ್ತು. ಕನ್ನಡವೇ ಬೇಕೆಂದರೆ ‘ಇಪ್ಪೀಳಿಗೆ’ ಎನ್ನಿ. ಒಗ್ಗದಿದ್ದರೆ ಬೈವೋಲ್ಟಿನ್ ಎಂದೇ ಅಚ್ಚು ಹಾಕಿಸಿ. ‘ದ್ವಿತಳಿ’ಯನ್ನು ಮಾತ್ರ ಮುಂದಿನ ಕರಪತ್ರದಿಂದಲೇ ಕೈಬಿಡಬೇಕು.